ಕಜ್ಜಿ ಎಬ್ಬಿಸುವುದು ಗಿಡವೇ

ಕಜ್ಜಿ ಹಿಡಿದ ನಿಂಬೆಕಾಯಿಯನ್ನು ಹೋಳು ಮಾಡಿ ಹಿಂಡಿದರೆ ರಸಕ್ಕೇನೂ ಕೊರತೆ ಕಾಣುವುದಿಲ್ಲ. ಹುಳಿ ಹಾಗೇ ಇರುತ್ತದೆ, ಉಪ್ಪಿನಕಾಯಿಗೆ ನಡೆಯುತ್ತದೆ, ಶರಬತ್ತಿಗೂ ನಡೆಯುತ್ತದೆ. ಆದರೂ ಲಿಲಾವಿನ ಕಟ್ಟೆಯ ಮೇಲೆ ರಾಶಿ ಸುರಿದಾಗ ವ್ಯಾಪಾರಿಯ ಕಣ್ಣು ಮೊದಲು ಹೋಗುವುದು ಸಿಪ್ಪೆಯ ಮೇಲಿನ ಕಂದು ಚುಕ್ಕೆಗಳಿಗೆ. ಮೇಲಿನ ನಾಲ್ಕು ಕಾಯಲ್ಲಿ ಚುಕ್ಕೆ ಕಂಡರೆ ಸಾಕು, ಇಡೀ ಡಾಗಿನ ದರ ಇಳಿಯುತ್ತದೆ. ರೋಗ ಜೋರಾದರೆ ಎಲೆ ಉದುರುತ್ತದೆ, ಎಳೆಗಾಯಿ ಉದುರುತ್ತದೆ, ಟೊಂಗೆ ಒಣಗುತ್ತದೆ, ನಿಜ. ಆದರೆ ಬೆಳೆಗಾರನ ಕಿಸೆಗೆ ಹೆಚ್ಚಿನ ಸಲ ಬೀಳುವ ಪೆಟ್ಟು ಚರ್ಮದ ಕಲೆಯಿಂದಲೇ.

ಇಂಡಿ ತಾಲ್ಲೂಕಿನ ತಾಂಬಾದಂಥ ಊರುಗಳಲ್ಲಿ ಇದು ನಿತ್ಯದ ಮಾತು. ಎರಿ ಹೊಲ, ನಡುನಡುವೆ ಮಸಾರಿ, ಕೊಳವೆಬಾವಿ ನಂಬಿಕೊಂಡ ನಿಂಬೆ ಬನಗಳು. ಕರ್ನಾಟಕದಲ್ಲಿ ನಿಂಬೆ ಎಂದರೆ ಮೊದಲು ಬರುವ ಹೆಸರು ಈ ತಾಲ್ಲೂಕಿನದೇ. ರಾಜ್ಯ ಲಿಂಬೆ ಅಭಿವೃದ್ಧಿ ಮಂಡಳಿಯನ್ನು ಬೆಂಗಳೂರಿನಲ್ಲಿಡದೆ ಇಂಡಿಯಲ್ಲೇ ಇಟ್ಟಿರುವುದಕ್ಕೂ ಅದೇ ಕಾರಣ. ಇಂಡಿ ನಿಂಬೆಗೆ ಭೌಗೋಳಿಕ ಸೂಚಕದ ಮುದ್ರೆಯೂ ಸಿಕ್ಕಿದೆ. 2025ರಲ್ಲಿ ಅದು ಕೇಂದ್ರದ ಕೃಷಿ ರಫ್ತು ಸಂಸ್ಥೆ ಅಪೆಡಾದ ನೆರವಿನಿಂದ ಸಂಯುಕ್ತ ಅರಬ್ ಸಂಸ್ಥಾನಕ್ಕೂ ಬ್ರಿಟನ್ನಿಗೂ ಹೋಯಿತು. ಪರದೇಶದ ಮಾರುಕಟ್ಟೆ ಅಂದಮೇಲೆ ಕಜ್ಜಿಯ ಪ್ರಶ್ನೆ ಇನ್ನಷ್ಟು ಬಿಗಿ. ಯುರೋಪಿನ ಒಕ್ಕೂಟಕ್ಕೆ ಅದು ಗಡಿಯಲ್ಲೇ ತಡೆಯಬೇಕಾದ ರೋಗ.

ಚುಕ್ಕೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮೊದಲು ಎಳೆ ಎಲೆಯ ತಳಬದಿಯಲ್ಲಿ ಎಣ್ಣೆ ಸೋಕಿದಂತೆ ಕಾಣುವ ಒಂದು ಸಣ್ಣ ಜಾಗ. ವಾರ ಹತ್ತು ದಿನದಲ್ಲಿ ಅದು ಉಬ್ಬುತ್ತದೆ, ಬಿಳಿಚಿ ಮೆತ್ತಗಾಗುತ್ತದೆ. ಆಮೇಲೆ ಕಂದಾಗಿ, ಬೆಂಡಿನಂತೆ ಒರಟಾಗಿ, ನಡುವೆ ಬಿರಿದು ಕುಳಿ ಬೀಳುತ್ತದೆ. ಸುತ್ತಲೂ ಹಳದಿ ಅಂಚು. ಬೆರಳಾಡಿಸಿದರೆ ಎಲೆಯ ಎರಡೂ ಬದಿಯಲ್ಲಿ ಗಂಟು ತಾಗುತ್ತದೆ. ಇಲ್ಲಿ ಒಂದು ಸೋಜಿಗವಿದೆ. ಎಲೆಯನ್ನು ರೋಗಾಣು ತಿಂದಿದ್ದರೆ ಅಲ್ಲಿ ತೂತು ಇರಬೇಕಿತ್ತು, ಇಲ್ಲವೇ ಕೊಳೆತ ಜಾಗ ಇರಬೇಕಿತ್ತು. ಇರುವುದು ಉಬ್ಬು. ಅಂದರೆ ಅಲ್ಲಿ ಏನೋ ಬೆಳೆದಿದೆ. ಬೆಳೆದದ್ದು ಗಿಡದ್ದೇ ಜೀವಕೋಶಗಳು: ಬೇಡದ ಜಾಗದಲ್ಲಿ, ಬೇಡದ ವೇಗದಲ್ಲಿ. ಬ್ಯಾಕ್ಟೀರಿಯಾ ತಾನಾಗಿ ಕಜ್ಜಿ ಎಬ್ಬಿಸುವುದಿಲ್ಲ, ಗಿಡದ ಕೈಯಲ್ಲೇ ಎಬ್ಬಿಸುತ್ತದೆ. ಇದು ಹೇಗೆಂದು ಅಣು ಅಣುವಾಗಿ ಗೊತ್ತಾದದ್ದು ಕಳೆದ ಮೂರೂವರೆ ದಶಕಗಳಲ್ಲಿ.

ಬ್ಯಾಕ್ಟೀರಿಯಾದ ಹೆಸರು ಜಾಂಥೋಮೊನಾಸ್ ಸಿಟ್ರಿ. ಇದು ನಮ್ಮ ಕಡೆಯದೇ ಪೀಡೆ ಎಂಬುದಕ್ಕೆ ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ ಸಾಕ್ಷಿಯಿದೆ. 1827ರಿಂದ 1831ರ ನಡುವೆ ಭಾರತದಲ್ಲಿ ಕಿತ್ತು, ಒಣಗಿಸಿ, ಕಾಗದಕ್ಕೆ ಅಂಟಿಸಿ ಒಯ್ದ ಮಾದಳದ ಎಲೆಗಳ ಮೇಲೆ ಕಜ್ಜಿಯ ಗುರುತುಗಳಿರುವುದನ್ನು ಫಾಸೆಟ್ ಮತ್ತು ಜೆಂಕಿನ್ಸ್ ಎಂಬ ಇಬ್ಬರು 1933ರಲ್ಲಿ ಗಮನಿಸಿದರು. ಎಲೆ ಕಿತ್ತವರಿಗೆ ತಾವು ರೋಗವನ್ನೂ ಒಯ್ಯುತ್ತಿದ್ದೇವೆಂದು ಗೊತ್ತಿರಲಿಲ್ಲ. ಏಷ್ಯಾದಿಂದ ಸಸಿಗಳ ಜೊತೆ ಅಮೆರಿಕಕ್ಕೆ ಹೋದ ಈ ಬ್ಯಾಕ್ಟೀರಿಯಾವನ್ನು ಫ್ಲೋರಿಡಾ ಒಮ್ಮೆ 1930ರ ದಶಕದಲ್ಲಿ ಗಿಡ ಸುಟ್ಟು ಅಳಿಸಿತ್ತು. 1995ರಲ್ಲಿ ಮಯಾಮಿ ವಿಮಾನ ನಿಲ್ದಾಣದ ಬಳಿ ಮತ್ತೆ ಕಂಡಿತು. ರೋಗದ ಗಿಡವೊಂದು ಸಿಕ್ಕರೆ ಸುತ್ತ 1,900 ಅಡಿಯೊಳಗಿನ ಎಲ್ಲ ಕಿತ್ತಳೆ, ನಿಂಬೆ, ಚಕ್ಕೋತ ಗಿಡಗಳನ್ನು ಕಡಿಯಬೇಕೆಂಬ ನಿಯಮ ಬಂತು. ಜನರ ಹಿತ್ತಲಿಗೆ ಗರಗಸ ನುಗ್ಗಿತು, ಕೋರ್ಟು ಕಚೇರಿ ಆಯಿತು. ಒಂದೂವರೆ ಕೋಟಿಗೂ ಹೆಚ್ಚು ಗಿಡ ಉರುಳಿದ ಮೇಲೆ, 2004 ಮತ್ತು 2005ರ ಚಂಡಮಾರುತಗಳು ರೋಗವನ್ನು ರಾಜ್ಯದ ತುಂಬ ಎರಚಿದವು. 2006ರ ಜನವರಿಯಲ್ಲಿ ಸರ್ಕಾರ ಕೈಚೆಲ್ಲಿತು. ಇಂಡಿ ಸೀಮೆಯಲ್ಲಿ ಅಂಥ ಕಡಿತದ ಮಾತೇ ಇಲ್ಲ. ಇಲ್ಲಿ ಕಜ್ಜಿ ಮನೆಯ ಸದಸ್ಯನಂತೆಯೇ ಇದ್ದುಬಿಟ್ಟಿದೆ, ಮಳೆ ಕಡಿಮೆ ಎಂಬ ಒಂದೇ ಅದೃಷ್ಟ ಅದನ್ನು ಹದ್ದುಬಸ್ತಿನಲ್ಲಿಟ್ಟಿದೆ.

ಏಕೆಂದರೆ ಅದಕ್ಕೆ ಮಳೆ ಬೇಕು, ಮಳೆಯ ಜೊತೆ ಗಾಳಿಯೂ ಬೇಕು. ಎಲೆಯ ತಳದಲ್ಲಿ ಉಸಿರಾಟಕ್ಕೆಂದು ಪತ್ರರಂಧ್ರಗಳಿವೆ. ಸುಮ್ಮನೆ ಹನಿ ಬಿದ್ದರೆ ನೀರು ಆ ರಂಧ್ರದೊಳಗೆ ಹೋಗುವುದಿಲ್ಲ. ಗಂಟೆಗೆ ಮೂವತ್ತು ಕಿಲೋಮೀಟರ್ ಆಸುಪಾಸಿನ ಗಾಳಿ ಹನಿಯನ್ನು ಅದುಮಿದರೆ ಬ್ಯಾಕ್ಟೀರಿಯಾ ಸಮೇತ ಒಳಗೆ ನುಗ್ಗುತ್ತದೆ. ಎಲೆ ಚಿಗುರೊಡೆದ ಎರಡು ಮೂರು ವಾರದೊಳಗೆ ಇದು ಆಗಬೇಕು, ಬಲಿತ ಎಲೆಗೆ ರೋಗ ಅಷ್ಟಾಗಿ ಅಂಟುವುದಿಲ್ಲ. ಕಾಯಿಗೆ ಮಾತ್ರ ಹೂ ಉದುರಿದ ಮೂರು ನಾಲ್ಕು ತಿಂಗಳವರೆಗೂ ಅಪಾಯ ತಪ್ಪದು. ಬಾಗಿಲು ತಾನೇ ತೆರೆದುಕೊಡುವವನು ಇನ್ನೊಬ್ಬನಿದ್ದಾನೆ: ಎಳೆ ಎಲೆಯ ಸಿಪ್ಪೆಯಡಿ ಬೆಳ್ಳಿಗೆರೆ ಎಳೆಯುತ್ತ ಹೋಗುವ ರಂಗೋಲಿ ಹುಳು. ಅದು ತೋಡಿದ ಸುರಂಗ ನೇರವಾಗಿ ಎಲೆಯ ಒಳಮಾಂಸಕ್ಕೆ ದಾರಿ. ರಂಗೋಲಿ ಹುಳು ಹಿಡಿದ ಎಲೆಯಲ್ಲಿ ಕಜ್ಜಿ ಆ ಗೆರೆಯುದ್ದಕ್ಕೂ ಸಾಲಾಗಿ ಏಳುವುದನ್ನು ಯಾವ ಬನದಲ್ಲಾದರೂ ನೋಡಬಹುದು.

ಒಳಗೆ ಬಂದವನನ್ನು ಗಿಡ ಸುಮ್ಮನೆ ಬಿಡುವುದಿಲ್ಲ. ಗಿಡಕ್ಕೆ ನಮ್ಮಂತೆ ರಕ್ತವಿಲ್ಲ, ಓಡಾಡಿ ಕಾಯುವ ಬಿಳಿರಕ್ತಕಣವಿಲ್ಲ. ಪ್ರತಿಯೊಂದು ಜೀವಕೋಶವೂ ತನ್ನ ಕಾವಲನ್ನು ತಾನೇ ಮಾಡಿಕೊಳ್ಳಬೇಕು. ಬ್ಯಾಕ್ಟೀರಿಯಾ ಈಜಲು ಬಳಸುವ ಬಾಲದಲ್ಲಿ ಫ್ಲಾಜೆಲಿನ್ ಎಂಬ ಪ್ರೋಟೀನಿದೆ. ಅದರ ಇಪ್ಪತ್ತೆರಡು ಅಮೈನೋ ಆಮ್ಲಗಳ ಒಂದು ತುಣುಕು ಕೋಶದ ಹೊರಪೊರೆಯ ಗ್ರಾಹಿಗೆ ತಾಗಿದರೆ ಸಾಕು, ಗಿಡಕ್ಕೆ ಕಳ್ಳನ ಸುಳಿವು ಸಿಕ್ಕಂತೆ. ಆ ಗ್ರಾಹಿಯನ್ನು ಸ್ವಿಟ್ಸರ್ಲೆಂಡಿನ ಗೋಮೆಸ್-ಗೋಮೆಸ್ ಮತ್ತು ಬೋಲರ್ 2000ದಲ್ಲಿ ಸಾಸಿವೆ ಕುಟುಂಬದ ಒಂದು ಕಳೆಗಿಡದಲ್ಲಿ ಗುರುತಿಸಿದರು. ಸುಳಿವು ಸಿಕ್ಕ ಕೋಶ ಹೈಡ್ರೋಜನ್ ಪೆರಾಕ್ಸೈಡ್ ಕಾರುತ್ತದೆ, ಗೋಡೆ ದಪ್ಪ ಮಾಡಿಕೊಳ್ಳುತ್ತದೆ, ರಂಧ್ರ ಮುಚ್ಚುತ್ತದೆ. ಲೋಕದಲ್ಲಿರುವ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾಗಳಲ್ಲಿ ನಿಂಬೆಗೆ ರೋಗ ತರುವವು ಬೆರಳೆಣಿಕೆಯಷ್ಟೇ ಇರುವುದು ಈ ಕಾವಲಿನಿಂದ.

ಜಾಂಥೋಮೊನಾಸ್ ಆ ಬೆರಳೆಣಿಕೆಯಲ್ಲಿ ಒಂದು. ಅದರ ಮೈಮೇಲೆ ಸೂಜಿಯಂಥ ಪೊಳ್ಳು ನಳಿಗೆಗಳಿವೆ. ಅವನ್ನು ಗಿಡದ ಕೋಶಕ್ಕೆ ಚುಚ್ಚಿ ತನ್ನ ಪ್ರೋಟೀನುಗಳನ್ನು ಒಳಗೆ ಸುರಿಯುತ್ತದೆ. ಅವುಗಳಲ್ಲಿ ಕೆಲವಕ್ಕೆ ಕಾವಲನ್ನು ಮಂಕಾಗಿಸುವುದೇ ಕೆಲಸ. ನಮ್ಮ ಭಾಗದ ದಾಳಿಂಬೆ ಬೆಳೆಗಾರರನ್ನು ಎರಡು ದಶಕದಿಂದ ಹಣ್ಣು ಮಾಡಿರುವ ತೇಲ್ಯಾ, ಅಂದರೆ ದುಂಡಾಣು ಅಂಗಮಾರಿ, ಇದೇ ಕುಲದ ಬ್ಯಾಕ್ಟೀರಿಯಾದಿಂದ ಬರುತ್ತದೆ. ಅದು ಚುಚ್ಚುವ ಜಾಪ್‌ಎನ್ ಎಂಬ ಪ್ರೋಟೀನು ದಾಳಿಂಬೆಯ ಪೆರಾಕ್ಸೈಡ್ ಪ್ರತಿದಾಳಿಯನ್ನೇ ತಗ್ಗಿಸುತ್ತದೆಂದು ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ತೋರಿಸಿದ್ದಾರೆ.

ನಿಂಬೆಯ ಕಜ್ಜಿಯ ಕತೆ ಇದಕ್ಕಿಂತ ಒಂದು ಹೆಜ್ಜೆ ಮುಂದಿದೆ. 1991ರಲ್ಲಿ ಫ್ಲೋರಿಡಾದಲ್ಲಿ ಸಂಜಯ್ ಸ್ವರೂಪ್, ಡೀನ್ ಗೇಬ್ರಿಯಲ್ ಮತ್ತು ಸಂಗಡಿಗರು ಬ್ಯಾಕ್ಟೀರಿಯಾದ ಒಂದು ಜೀನನ್ನು ಹಿಡಿದರು. ಅದಿಲ್ಲದಿದ್ದರೆ ಕಜ್ಜಿಯಿಲ್ಲ. ಅದಕ್ಕೆ ಪಿಟಿಎಚ್‌ಎ ಎಂದು ಹೆಸರಿಟ್ಟರು. ಅದು ತಯಾರಿಸುವ ಪ್ರೋಟೀನು ಕೋಶದೊಳಗೆ ಸುಮ್ಮನಿರದೆ ಸೀದಾ ಕೋಶಕೇಂದ್ರಕ್ಕೆ ಹೋಗುತ್ತದೆ, ಗಿಡದ ಡಿಎನ್‌ಎ ಮೇಲೆ ಕೂರುತ್ತದೆ, ಮಲಗಿದ್ದ ಜೀನೊಂದನ್ನು ಎಬ್ಬಿಸುತ್ತದೆ. ಗೋಡೆ ಹಾರಿ ಬಂದ ಕಳ್ಳ ಯಜಮಾನನ ದನಿಯಲ್ಲಿ ಆಳುಗಳಿಗೆ ಹುಕುಂ ಕೊಟ್ಟಂತೆ. ಆಳುಗಳು ಮನೆಯವರೇ, ಸಾಮಾನೂ ಮನೆಯದೇ.

ಆ ಪ್ರೋಟೀನು ಸಾವಿರಾರು ಜೀನುಗಳ ನಡುವೆ ತನಗೆ ಬೇಕಾದ್ದನ್ನು ಹುಡುಕುವ ಬಗೆ ಜೀವವಿಜ್ಞಾನದ ಬಲು ಚೆಲುವಾದ ಸಂಗತಿಗಳಲ್ಲೊಂದು. ಅದರ ನಡುಭಾಗದಲ್ಲಿ 34 ಅಮೈನೋ ಆಮ್ಲಗಳ ಒಂದೇ ಪಾಠ ಹದಿನೇಳು ಚಿಲ್ಲರೆ ಸಲ ಮತ್ತೆ ಮತ್ತೆ ಬರುತ್ತದೆ. ಪ್ರತಿ ಪಾಠದಲ್ಲೂ 12 ಮತ್ತು 13ನೆಯ ಸ್ಥಾನಗಳು ಮಾತ್ರ ಬೇರೆ ಬೇರೆ. ಆ ಎರಡು ಸ್ಥಾನ ಸೇರಿ ಡಿಎನ್‌ಎಯ ಒಂದು ಅಕ್ಷರವನ್ನು ಗುರುತಿಸುತ್ತವೆ. ಒಂದು ಜೋಡಿ ಸಿ ಅಕ್ಷರಕ್ಕೆ, ಇನ್ನೊಂದು ಎ ಅಕ್ಷರಕ್ಕೆ, ಮತ್ತೊಂದು ಟಿ ಅಕ್ಷರಕ್ಕೆ. ಪ್ರೋಟೀನನ್ನು ಓದಿದರೆ ಅದು ಯಾವ ಜೀನಿನ ಮೇಲೆ ಕೂರುತ್ತದೆಂದು ಮೊದಲೇ ಹೇಳಬಹುದು. ಜರ್ಮನಿಯ ಹಾಲೆ ನಗರದ ಒಂದು ತಂಡ, ಅಮೆರಿಕದ ಅಯೋವಾದ ಇನ್ನೊಂದು ತಂಡ, ಎರಡೂ ಬೇರೆ ಬೇರೆಯಾಗಿ ಈ ಸಂಕೇತವನ್ನು 2009ರಲ್ಲಿ ಬಿಡಿಸಿದವು. ಬಿಡಿಸಿದ ಮೇಲೆ ವಿಜ್ಞಾನಿಗಳು ಸುಮ್ಮನೆ ಕೂರುತ್ತಾರೆಯೇ? ಅದೇ ಪ್ರೋಟೀನಿಗೆ ಕತ್ತರಿ ಜೋಡಿಸಿ ಜೀನು ತಿದ್ದುವ ಉಪಕರಣ ಮಾಡಿಕೊಂಡರು. ಗಿಡದ ರೋಗಾಣುವಿನಿಂದ ಕಲಿತ ವಿದ್ಯೆ ಮನುಷ್ಯನ ರಕ್ತದ ಕ್ಯಾನ್ಸರಿನ ಚಿಕಿತ್ಸೆಗೂ ಹೋಯಿತು. ನಿಂಬೆ ಬೆಳೆಯುವವನಿಗೆ ಮಾತ್ರ ಅದರಿಂದ ಇನ್ನೂ ಏನೂ ಸಿಕ್ಕಿಲ್ಲ ಎನ್ನುವುದು ಬೇರೆ ಮಾತು.

ಎಬ್ಬಿಸಲ್ಪಡುವ ಜೀನು ಯಾವುದೆಂಬುದು 2014ರಲ್ಲಿ ಖಚಿತವಾಯಿತು. ಅದರ ಹೆಸರು ಎಲ್‌ಒಬಿ-1. ಅದು ಎಚ್ಚರವಾದದ್ದೇ ಕೋಶಗೋಡೆ ಸಡಿಲಿಸುವ ಕಿಣ್ವಗಳ ಜೀನುಗಳೂ ಏಳುತ್ತವೆ. ಕೋಶಗಳು ಊದುತ್ತವೆ, ಒಡೆದು ಇಮ್ಮಡಿಯಾಗುತ್ತವೆ, ಎಲೆಯ ಸಿಪ್ಪೆ ಬಿರಿಯುತ್ತದೆ. ಬಿರುಕಿನಿಂದ ಬ್ಯಾಕ್ಟೀರಿಯಾ ಹೊರಕ್ಕೆ ಉಕ್ಕಿ ಮುಂದಿನ ಮಳೆಹನಿಗೆ ಕಾಯುತ್ತದೆ. ಕಜ್ಜಿಯ ಕುಳಿ ಅಂದರೆ ಇದು: ರೋಗಾಣು ಹೊರಹೋಗಲು ಗಿಡದಿಂದಲೇ ಕಟ್ಟಿಸಿಕೊಂಡ ಬಾಗಿಲು. ಇದು ನಿಜವೇ ಎಂದು ಪರೀಕ್ಷಿಸುವ ದಾರಿಯೂ ನೇರ. ಪ್ರೋಟೀನು ಕೂರುವ ಆ ಹತ್ತಿಪ್ಪತ್ತು ಅಕ್ಷರಗಳ ಜಾಗವನ್ನು ಕ್ರಿಸ್ಪರ್ ಎಂಬ, ಜೀನು ತಿದ್ದುವ ಇನ್ನೊಂದು ಕತ್ತರಿಯಿಂದ ಕೆಡಿಸಿದರೆ ಹುಕುಂ ಯಾರಿಗೂ ಕೇಳಿಸಬಾರದು. ಫ್ಲೋರಿಡಾದ ನಿಯಾನ್ ವಾಂಗ್ ತಂಡ ಗ್ರೇಪ್‌ಫ್ರೂಟ್‌ನಲ್ಲಿ, ಚೀನಾದ ತಂಡವೊಂದು ಅಲ್ಲಿನ ಕಿತ್ತಳೆಯಲ್ಲಿ 2017ರ ಹೊತ್ತಿಗೆ ಇದನ್ನು ಮಾಡಿ ತೋರಿಸಿದವು. ಬ್ಯಾಕ್ಟೀರಿಯಾ ಸುರಿದರೂ ತಿದ್ದಿದ ಎಲೆಗಳಲ್ಲಿ ಉಬ್ಬು ಏಳಲಿಲ್ಲ, ಎದ್ದರೂ ಅಲ್ಪ.

ಇಷ್ಟೆಲ್ಲ ಗೊತ್ತಾದ ಮೇಲೆ ಬನದಲ್ಲಿ ನಡೆಯುತ್ತಿರುವ ಸಿಂಪಡಣೆಯನ್ನು ನೋಡಿದರೆ ಅದರ ಮಿತಿ ಎದ್ದು ಕಾಣುತ್ತದೆ. ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೂರು ಲೀಟರ್ ನೀರು: ಇದು ಬೋರ್ಡೋ ದ್ರಾವಣ. ದ್ರಾಕ್ಷಿ ಕದಿಯುವವರನ್ನು ಹೆದರಿಸಲು ಫ್ರಾನ್ಸಿನ ಬೋರ್ಡೋ ಸೀಮೆಯವರು ದಾರಿಬದಿಯ ಬಳ್ಳಿಗಳಿಗೆ ಬಳಿಯುತ್ತಿದ್ದ ಈ ನೀಲಿ ಮಿಶ್ರಣ ರೋಗವನ್ನೂ ತಡೆಯುತ್ತದೆಂದು ಅಲ್ಲಿನ ಸಸ್ಯವಿಜ್ಞಾನಿ ಮಿಲಾರ್ಡೆ 1885ರಲ್ಲಿ ಪ್ರಕಟಿಸಿದ. ವಿಜಯಪುರದ ದ್ರಾಕ್ಷಿಗೂ ಇಂಡಿಯ ನಿಂಬೆಗೂ ಇಂದಿಗೂ ಅದೇ ಆಸರೆ. ತಾಮ್ರ ಎಲೆಯ ಮೇಲಿರುವ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ರಂಧ್ರದೊಳಗೆ ಹೋಗಿ, ಸೂಜಿ ಚುಚ್ಚಿ, ಹುಕುಂ ಕೊಟ್ಟಾದ ಬ್ಯಾಕ್ಟೀರಿಯಾಕ್ಕೆ ಅದು ತಾಗುವುದೇ ಇಲ್ಲ. ಕಜ್ಜಿ ಕಂಡ ಮೇಲೆ ಔಷಧಿ ಅಂಗಡಿಗೆ ಓಡುವ ನಮ್ಮ ರೂಢಿ ಅದಕ್ಕೇ ಅರ್ಧ ದುಡ್ಡನ್ನು ಗಾಳಿಗೆ ತೂರುತ್ತದೆ. ಚಿಗುರು ಹೊರಟಾಗ, ಮಳೆಗೆ ಮುಂಚೆ, ಎಲೆಯ ತಳಬದಿಗೆ ಮುಟ್ಟುವಂತೆ ಹೊಡೆದದ್ದಷ್ಟೇ ಲೆಕ್ಕಕ್ಕೆ. ಬೇಸಗೆಯಲ್ಲೇ ಕಜ್ಜಿಯ ಟೊಂಗೆ ಸವರಿ ಸುಟ್ಟರೆ ಮಳೆಗಾಲಕ್ಕೆ ಉಳಿಯುವ ಬೀಜವೇ ಕಡಿಮೆ. ಗಾಳಿತಡೆಗೆ ಬದುವಿನ ಮೇಲೆ ಸಾಲು ಗಿಡ ಇದ್ದರೆ ಹನಿಯನ್ನು ಅದುಮುವ ಬಲ ಕುಗ್ಗುತ್ತದೆ. ಹಸ್ತ ಬಹಾರದ, ಅಂದರೆ ಹಸ್ತ ಮಳೆಯ ಹೊತ್ತಿನ ಹೂವಿನ, ಕಾಯಿ ಒಣ ಹವೆಯಲ್ಲಿ ಬೆಳೆಯುವುದರಿಂದ ಚರ್ಮ ಚೊಕ್ಕವಾಗಿರುತ್ತದೆ, ಬೇಸಗೆಯ ದರವೂ ಸಿಗುತ್ತದೆ. ಬೆಳೆಗಾರರು ಅದಕ್ಕೆ ಹಂಬಲಿಸುವುದರಲ್ಲಿ ಎರಡು ಲಾಭ ಇದೆ.

ತಾಮ್ರದ ಜೊತೆ ಸ್ಟ್ರೆಪ್ಟೋಸೈಕ್ಲಿನ್ ಬೆರೆಸುವ ರೂಢಿಯ ಬಗ್ಗೆ ನನಗೆ ಒಳ್ಳೆಯ ಮಾತಿಲ್ಲ. ಅದು ಮನುಷ್ಯರ ಔಷಧಿ, ಅದರಲ್ಲಿರುವ ಸ್ಟ್ರೆಪ್ಟೋಮೈಸಿನ್ ಕ್ಷಯರೋಗಕ್ಕೆ ಕೊಡುತ್ತಿದ್ದದ್ದು. ಇದನ್ನು 2024ರ ಹೊತ್ತಿಗೆ ಹೊಲದಿಂದ ಹೊರಗಿಡುವ ಕರಡು ಆದೇಶವನ್ನು ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರಿನಲ್ಲೇ ಹೊರಡಿಸಿತ್ತು. ಬ್ಯಾಕ್ಟೀರಿಯಾ ಔಷಧಿಗೆ ಒಗ್ಗಿಕೊಳ್ಳುವುದರಲ್ಲಿ ನಿಧಾನಿಯಲ್ಲ. ಅರ್ಜೆಂಟೀನಾದಲ್ಲಿ ತಾಮ್ರಕ್ಕೇ ಜಗ್ಗದ ಕಜ್ಜಿ ಬ್ಯಾಕ್ಟೀರಿಯಾ ಎಂದೋ ಸಿಕ್ಕಿದೆ.

ಹಾಗಾದರೆ ರೋಗ ತಡೆಯುವ ತಳಿ? ಇಲ್ಲಿ ಇಂಡಿ ಸೀಮೆಯಲ್ಲಿ ಬೆಳೆಯುವ ಕಾಗ್ಜಿ ನಿಂಬೆಯ ಹುಟ್ಟೇ ಅಡ್ಡ ಬರುತ್ತದೆ. ಕಾಗ್ಜಿಯ ತಂದೆ ಮಾದಳ, ತಾಯಿ ಪಪೇಡ ಜಾತಿಯ ಒಂದು ಕಾಡು ಗಿಡ ಎಂದು ಡಿಎನ್‌ಎ ಹೇಳುತ್ತದೆ. ಎಂದೋ ಆದ ಆ ಒಂದು ಮಿಶ್ರಣ ಅಂದಿನಿಂದ ಹೆಚ್ಚುಕಡಿಮೆ ಹಾಗೇ ನಕಲಾಗುತ್ತ ಬಂದಿದೆ. ಕಾಗ್ಜಿಯ ಬೀಜ ಬಿತ್ತಿದರೆ ಒಂದರಿಂದಲೇ ಎರಡು ಮೂರು ಮೊಳಕೆ ಬರುವುದು ನರ್ಸರಿಯವರಿಗೆ ಗೊತ್ತು. ಅವುಗಳಲ್ಲಿ ಬಹುಪಾಲು ಪರಾಗ ಸೇರಿ ಹುಟ್ಟಿದವಲ್ಲ, ತಾಯಿಯ ಅಂಗಾಂಶದಿಂದಲೇ ಎದ್ದ ತದ್ರೂಪಗಳು. ಗುಣ ಕೆಡದೆ ಇಳಿಯುತ್ತದೆಂದು ಬೆಳೆಗಾರ ಖುಷಿಪಡುತ್ತಾನೆ. ಕಜ್ಜಿಗೆ ಸೋಲುವ ಗುಣವೂ ಹಾಗೇ ಕೆಡದೆ ಇಳಿಯುತ್ತದೆ. ಆಂಧ್ರದ ಬಾಲಾಜಿ, ರಾಹುರಿಯ ಸಾಯಿ ಶರಬತಿ ಆಯ್ಕೆಗಳು ಕಜ್ಜಿಯನ್ನು ಸ್ವಲ್ಪ ತಾಳಿಕೊಳ್ಳುತ್ತವೆ. ತಾಳಿಕೊಳ್ಳುವುದು ಬೇರೆ, ತಡೆಯುವುದು ಬೇರೆ.

ತೊಗರಿಯಲ್ಲಿ ನಮಗೆ ರೋಗ ತಡೆಯುವ ತಳಿಯ ಅನುಭವ ಚೆನ್ನಾಗಿಯೇ ಇದೆ. ನೆಟೆ ರೋಗಕ್ಕೆ ಹೊಲಗಟ್ಟಲೆ ಒಣಗುತ್ತಿದ್ದ ಕಾಲದಲ್ಲಿ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆ ಆಯ್ದ ಮಾರುತಿ ತಳಿ 1986ರಲ್ಲಿ ಕರ್ನಾಟಕಕ್ಕೆ ಬಂತು. ಬೇರಿನಿಂದ ಏರುವ ಫ್ಯುಸೇರಿಯಂ ಶಿಲೀಂಧ್ರವನ್ನು ಅದು ತಡೆಯಿತು, ರೈತರು ಅಪ್ಪಿಕೊಂಡರು. ಆದರೆ ಗೊಡ್ಡು ರೋಗಕ್ಕೆ ಮಾರುತಿಯಲ್ಲಿ ತಡೆಯಿರಲಿಲ್ಲ. ಗೊಡ್ಡು ಬಿದ್ದ ಗಿಡ ಹಸಿರಾಗಿ ಪೊದೆಯಂತೆ ಬೆಳೆಯುತ್ತದೆ, ಹೂ ಮಾತ್ರ ಬಿಡುವುದಿಲ್ಲ. ದೂರದಿಂದ ನೋಡಿದವನು ಬೆಳೆ ಭರ್ಜರಿ ಎಂದುಕೊಳ್ಳಬೇಕು. ಕಣ್ಣಿಗೆ ಕಾಣದ ನುಸಿ ಗಾಳಿಯಲ್ಲಿ ತೇಲಿ ಅದನ್ನು ಹಬ್ಬಿಸುತ್ತದೆ. ಬಿಹಾರದ ಪೂಸಾದಲ್ಲಿ 1931ರಲ್ಲಿ ವರ್ಣಿಸಿದ ಈ ರೋಗಕ್ಕೆ ಕಾರಣವಾದ ವೈರಸ್ ಕೈಗೆ ಸಿಕ್ಕಿದ್ದು ಸುಮಾರು 2000ದ ಹೊತ್ತಿಗೆ, ಇಕ್ರಿಸ್ಯಾಟ್ ಮತ್ತು ಸ್ಕಾಟ್ಲೆಂಡಿನ ವಿಜ್ಞಾನಿಗಳಿಗೆ. ಒಂದು ರೋಗಕ್ಕೆ ಗಿಡದಲ್ಲಿರುವ ತಡೆ ಇನ್ನೊಂದಕ್ಕೆ ಲೆಕ್ಕಕ್ಕಿಲ್ಲ. ಅಮೆರಿಕದ ಹೆರಾಲ್ಡ್ ಫ್ಲೋರ್ 1940ರ ದಶಕದಲ್ಲಿ ಅಗಸೆಯ ತುಕ್ಕು ರೋಗ ನೋಡಿ ಹೇಳಿದ್ದು ಇದನ್ನೇ: ಗಿಡದ ಒಂದೊಂದು ತಡೆ ಜೀನಿಗೆ ರೋಗಾಣುವಿನಲ್ಲಿ ಒಂದೊಂದು ಎದುರು ಜೀನು ಇರುತ್ತದೆ.

ಗಿಡಗಳು ತಾವಾಗಿಯೇ ಕಂಡುಕೊಂಡ ಒಂದು ಉಪಾಯ ಇದೆ. ದಪ್ಪಮೆಣಸಿನಕಾಯಿಯ ಕೆಲವು ಗಿಡಗಳಲ್ಲಿ ಬಿಎಸ್-3 ಎಂಬ ಜೀನಿನ ಮುಂದೆ, ಆ ಗಿಡಕ್ಕೆ ರೋಗ ತರುವ ಇದೇ ಕುಲದ ಬ್ಯಾಕ್ಟೀರಿಯಾದ ಪ್ರೋಟೀನು ಹುಡುಕುವ ಅಕ್ಷರಗಳೇ ಇವೆ. ಪ್ರೋಟೀನು ಬಂದು ಕೂತೊಡನೆ ಏಳುವುದು ಕೋಶವನ್ನು ಸಾಯಿಸುವ ಜೀನು. ಕೋಶ ಸತ್ತಿತು, ಒಳಗಿದ್ದ ಬ್ಯಾಕ್ಟೀರಿಯಾಕ್ಕೆ ಅನ್ನವೂ ಹೋಯಿತು. ಇದು ಗೊತ್ತಾದದ್ದು 2007ರಲ್ಲಿ. ಭತ್ತದ ಎಕ್ಸ್‌ಎ-13 ಎಂಬ ಗುಣ ಇನ್ನೊಂದು ಬಗೆ: ಸಕ್ಕರೆ ಹೊರಬಿಡುವ ಜೀನಿನ ಮುಂದಿನ ಅಕ್ಷರಗಳು ಬದಲಾಗಿರುವುದರಿಂದ ಬ್ಯಾಕ್ಟೀರಿಯಾದ ಹುಕುಂ ಅಲ್ಲಿ ನಡೆಯುವುದಿಲ್ಲ. ಹೈದರಾಬಾದಿನ ಸಿಸಿಎಂಬಿ ಮತ್ತು ಭತ್ತ ಸಂಶೋಧನಾ ನಿರ್ದೇಶನಾಲಯ ಇದನ್ನೂ ಸೇರಿಸಿ ಮೂರು ತಡೆಗಳನ್ನು ಸೋನಾ ಮಸೂರಿಯ ಬಳಗದ ಸಾಂಬಾ ಮಸೂರಿಗೆ ತಂದವು. 2008ರಲ್ಲಿ ಅದು ರೈತರ ಗದ್ದೆಗೆ ಇಳಿಯಿತು. ಒಂದಲ್ಲ, ಮೂರು ತಡೆ. ಬ್ಯಾಕ್ಟೀರಿಯಾ ಒಂದನ್ನು ದಾಟಿದರೂ ಎರಡು ಉಳಿಯಲಿ ಎಂದು.

ಕಾಗ್ಜಿಗೆ ಇಂಥದು ಆಗಬೇಕಾದರೆ ಕಾನೂನು ಈಗ ಅಷ್ಟು ದೊಡ್ಡ ಅಡ್ಡಿಯಲ್ಲ. ಹೊರಗಿನ ಜೀನು ಉಳಿಸದೆ ಅಕ್ಷರ ತಿದ್ದಿದ ಗಿಡಗಳನ್ನು ಕುಲಾಂತರಿ ನಿಯಮಗಳ ಬಿಗಿಯಿಂದ 2022ರ ಮಾರ್ಚಿನಲ್ಲಿ ಕೇಂದ್ರ ಸಡಿಲಿಸಿತು. ತಿದ್ದಿದ ಎರಡು ಭತ್ತದ ತಳಿಗಳನ್ನು 2025ರ ಮೇ ತಿಂಗಳಲ್ಲಿ ಘೋಷಿಸಲಾಯಿತು. ಕಷ್ಟ ಇರುವುದು ಮತ್ತದೇ ಬೀಜದಲ್ಲಿ. ಭತ್ತದಲ್ಲಾದರೆ ತಿದ್ದಲೆಂದು ಗಿಡದೊಳಗೆ ಸೇರಿಸಿದ ಕತ್ತರಿಯ ಜೀನನ್ನು ಮುಂದಿನ ಪೀಳಿಗೆಯಲ್ಲಿ ಬೇರ್ಪಡಿಸಿ ಬಿಸಾಡಬಹುದು. ತದ್ರೂಪ ಹುಟ್ಟಿಸುವ ನಿಂಬೆಯಲ್ಲಿ ಅದು ಅಷ್ಟು ಸುಲಭವಾಗಿ ಬೇರ್ಪಡುವುದಿಲ್ಲ. ವಾಂಗ್ ತಂಡ ಇದಕ್ಕೂ ದಾರಿ ಹುಡುಕಿ 2023ರಲ್ಲಿ ಪ್ರಕಟಿಸಿತು: ಗೋಡೆ ಕಳಚಿದ ಒಂಟಿ ಕೋಶಕ್ಕೆ ಜೀನಿನ ಬದಲು ಕತ್ತರಿ ಪ್ರೋಟೀನನ್ನೇ ನೇರವಾಗಿ ಕೊಟ್ಟು, ಕೆಲಸ ಮುಗಿಸಿ ಅದು ಕರಗಿಹೋದ ಮೇಲೆ ಆ ಕೋಶದಿಂದ ಇಡೀ ಕಿತ್ತಳೆ ಗಿಡ ಬೆಳೆಸುವುದು. ಕಾಗ್ಜಿಯಲ್ಲಿ ಇದು ಒಮ್ಮೆ ಕೈಗೂಡಿದರೆ, ಇಷ್ಟು ಹೊತ್ತು ಅಡ್ಡ ಬಂದ ಬೀಜವೇ ನೆರವಿಗೆ ಬರುತ್ತದೆ. ಕಸಿ ಬೇಕಿಲ್ಲ, ಇಂಡಿಯ ನರ್ಸರಿಯವರು ಈಗ ಮಾಡುವಂತೆ ಬೀಜ ಹಾಕಿದರೂ ತಿದ್ದಿದ ಗುಣ ಬಹುಪಾಲು ಸಸಿಗಳಿಗೆ ಹಾಗೇ ಇಳಿಯುತ್ತದೆ.

ಆದರೆ ಎಷ್ಟು ಅಕ್ಷರ ತಿದ್ದಬೇಕು ಎಂಬ ಲೆಕ್ಕವನ್ನು ಮೊದಲೇ ಹಾಕಿಕೊಂಡಿರಬೇಕು. ಒಂದೆರಡು ಅಕ್ಷರ ಬದಲಿಸಿದ ಜಾಗವನ್ನು ಬ್ಯಾಕ್ಟೀರಿಯಾ ಮತ್ತೆ ಹಿಡಿಯಬಲ್ಲದು. ತನ್ನ ಪ್ರೋಟೀನಿನ ಪಾಠಗಳನ್ನು ಅದಲು ಬದಲು ಮಾಡಿಕೊಂಡು ಹೊಸ ಅಕ್ಷರಕ್ಕೆ ಹೊಂದಿಕೊಂಡದ್ದನ್ನು ಪ್ರಯೋಗಾಲಯದಲ್ಲಿ ಕಂಡಿದ್ದಾರೆ. ಅದಕ್ಕೇ ಈಗಿನ ಪ್ರಯತ್ನ ಆ ಜಾಗವನ್ನು ದೊಡ್ಡದಾಗಿ ಕತ್ತರಿಸಿ ತೆಗೆಯುವ ಕಡೆಗೆ ವಾಲಿದೆ. ಅಷ್ಟಾದರೂ ಇದೆಲ್ಲ ಗ್ರೇಪ್‌ಫ್ರೂಟ್ ಮತ್ತು ಕಿತ್ತಳೆಯ ಮೇಲೆ, ಅವುಗಳ ರಸದ ಉದ್ಯಮದ ದುಡ್ಡಿನಲ್ಲಿ ಆದ ಕೆಲಸ. ಕಾಗ್ಜಿ ನಿಂಬೆಯನ್ನು ಮುಖ್ಯ ಬೆಳೆಯಾಗಿ ನೆಚ್ಚಿಕೊಂಡವರು ಭಾರತ, ಮೆಕ್ಸಿಕೋದಂಥ ದೇಶಗಳ ಸಣ್ಣ ಹಿಡುವಳಿದಾರರು. ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯವಿದೆ, ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ, ಇಂಡಿಯಲ್ಲೇ ಲಿಂಬೆ ಮಂಡಳಿಯಿದೆ. ಮಂಡಳಿಯ ಮುಂದೆ ಬೆಳೆಗಾರರು ಇಡುವ ಬೇಡಿಕೆಗಳ ಪಟ್ಟಿಯಲ್ಲಿ ಬೆಂಬಲ ಬೆಲೆ, ಶೀತಲಗೃಹ, ನೀರು ಮೊದಲು ಬರುತ್ತವೆ, ಬರಬೇಕಾದ್ದೇ. ಕಾಗ್ಜಿಯ ಎಲ್‌ಒಬಿ-1 ಜೀನಿನ ಮುಂದಿನ ಆ ಹತ್ತಿಪ್ಪತ್ತು ಅಕ್ಷರಗಳನ್ನು ತಿದ್ದಿಕೊಡಿ ಎಂಬುದನ್ನೂ ಆ ಪಟ್ಟಿಗೆ ಸೇರಿಸಬಹುದು.